ಲೈಬ್ರರಿ ಕಣ್ಣೆದುರೇ ಇದೆ, ಪ್ರೋಗ್ರಾಂ ‘ಇಲ್ಲ’ ಅನ್ನುತ್ತೆ: ಲಿನಕ್ಸ್ ಲೋಡರ್‌ನ ದೋಷ ಪತ್ತೆಹಚ್ಚುವ ಕೈಪಿಡಿ

ಹೊಸ ಸರ್ವರ್‌ಗೆ ಪ್ರೋಗ್ರಾಂ ಹಾಕಿ ಓಡಿಸುತ್ತೀರಿ. ‘ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿನ ಫೈಲು) ಲೋಡ್ ಮಾಡುವಾಗ ದೋಷ, ಅಂಥ ಫೈಲ್ ಇಲ್ಲ’ ಎಂಬರ್ಥದ ಸಾಲು ಬಂದು ನಿಲ್ಲುತ್ತದೆ. ಆಮೇಲೆ ಏನು ನಡೆಯುತ್ತದೆ ಅನ್ನುವುದನ್ನು ಬೆಂಗಳೂರಿನ ಯಾವ ಆಫೀಸಿನಲ್ಲಿ ಬೇಕಾದರೂ ನೋಡಬಹುದು. ಪಕ್ಕದ ಸೀಟಿನವನು ಕುರ್ಚಿ ಎಳೆದುಕೊಂಡು ಬರುತ್ತಾನೆ, “ಗುರು, ಒಂದು ಸಿಮ್‌ಲಿಂಕ್ ಹಾಕು, ಓಡುತ್ತೆ” ಅನ್ನುತ್ತಾನೆ. ಹಾಗೆ ಇರುವ ಫೈಲಿಗೇ ಕೇಳಿದ ಹೆಸರಿನ ಅಡ್ಡದಾರಿ ಹಾಕಿದರೆ ಕೆಲವು ಸಲ ಓಡುತ್ತದೆ ಕೂಡ. ಆಮೇಲೆ ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೊರಟ ಹೊತ್ತಿಗೆ ಕ್ರ್ಯಾಶ್ ಆಗುತ್ತದೆ.

ಈ ಬಗೆಯ ದೋಷದಲ್ಲಿ ಊಹೆಯ ಅಗತ್ಯವೇ ಬೀಳುವುದಿಲ್ಲ. ಯಾವ ಲೈಬ್ರರಿಯನ್ನು ಯಾರು ಕೇಳಿದರು, ಯಾವ ಹೆಸರಿನಿಂದ ಕೇಳಿದರು, ಎಲ್ಲೆಲ್ಲಿ ಹುಡುಕಲಾಯಿತು, ಕೊನೆಗೆ ಯಾವುದು ಸಿಕ್ಕಿತು ಎಂಬುದೆಲ್ಲ ಲೈಬ್ರರಿಗಳನ್ನು ಹುಡುಕಿ ಮೆಮೊರಿಗೆ ತರುವ ಲೋಡರ್‌ಗೆ ಗೊತ್ತಿರುತ್ತದೆ. ಅದರ ಬಾಯಿ ಬಿಡಿಸುವುದು ಗೊತ್ತಿದ್ದರೆ ಸಾಕು.

ಒಂದು ಸೂಚನೆ. ಕಮಾಂಡ್‌, ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ‘ಎಲ್‌ಡಿ_’ ಎಂದು ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೆಲ್ಲ ದೊಡ್ಡ ಅಕ್ಷರದವು.

ಮೇನ್ ಶುರುವಾಗುವ ಮುಂಚೆ

ಎಂಟರ್ ಒತ್ತಿದಾಗ ಕರ್ನಲ್ ಪ್ರೋಗ್ರಾಂ ಫೈಲಿನ ತಲೆಭಾಗ ಓದುತ್ತದೆ. ಲಿನಕ್ಸ್‌ನಲ್ಲಿ ಈ ಫೈಲುಗಳು ‘ಎಲ್ಫ್’ ಎಂಬ ವಿನ್ಯಾಸದಲ್ಲಿರುತ್ತವೆ. ಯುನಿಕ್ಸ್‌ನ ಸಿಸ್ಟಮ್ ಫೈವ್ ಪರಂಪರೆಯಿಂದ ಬಂದ ವಿನ್ಯಾಸ ಇದು. ಲಿನಕ್ಸ್ 1990ರ ದಶಕದ ನಡುವಿನಲ್ಲಿ ಹಳೆಯ ಎ.ಔಟ್ ಬಿಟ್ಟು ಇದಕ್ಕೆ ಬಂತು. ತಲೆಭಾಗದಲ್ಲಿ ‘ಇಂಟರ್‌ಪ್ರಿಟರ್’ ಎಂಬ ಹೆಸರಿನಲ್ಲಿ ಒಂದು ಫೈಲಿನ ಪೂರ್ತಿ ವಿಳಾಸ ಇರುತ್ತದೆ. 64 ಬಿಟ್ ಇಂಟೆಲ್ ಯಂತ್ರದ ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ಗಳಲ್ಲಿ ಅದು /ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಒ.2. ಇದೇ ಡೈನಮಿಕ್ ಲೋಡರ್.

ಕರ್ನಲ್‌ಗೆ ನಿಮ್ಮ ಲೈಬ್ರರಿಗಳ ಗೊಡವೆಯೇ ಇಲ್ಲ. ಪ್ರೋಗ್ರಾಂ ಮತ್ತು ಲೋಡರ್ ಎರಡನ್ನೂ ಮೆಮೊರಿಗೆ ಏರಿಸಿ, ನಿಯಂತ್ರಣವನ್ನು ಲೋಡರ್ ಕೈಗೆ ಕೊಟ್ಟು ಅದು ಸುಮ್ಮನಾಗುತ್ತದೆ. ಉಳಿದದ್ದೆಲ್ಲ ಬಳಕೆದಾರನ ಮಟ್ಟದಲ್ಲೇ ನಡೆಯುವ ಕೆಲಸ. ಲೋಡರ್ ಪ್ರೋಗ್ರಾಂನೊಳಗಿನ ಡೈನಮಿಕ್ ವಿಭಾಗವನ್ನು ಓದಿ ‘ನೀಡೆಡ್’ ಎಂದಿರುವ ಹೆಸರುಗಳನ್ನು ಹೆಕ್ಕುತ್ತದೆ, ಒಂದೊಂದನ್ನೂ ಹುಡುಕಿ ಮೆಮೊರಿಗೆ ತರುತ್ತದೆ, ಆ ಲೈಬ್ರರಿಗಳು ಕೇಳುವ ಬೇರೆ ಲೈಬ್ರರಿಗಳನ್ನೂ ತರುತ್ತದೆ. ಆಮೇಲೆ ಖಾಲಿ ಬಿಟ್ಟಿದ್ದ ವಿಳಾಸಗಳನ್ನು ತುಂಬುತ್ತದೆ, ಲೈಬ್ರರಿಗಳ ಆರಂಭದ ಫಂಕ್ಷನ್‌ಗಳನ್ನು ಓಡಿಸುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ನೀವು ಬರೆದ ‘ಮೇನ್’ನ ಸರದಿ. ದೋಷ ಈ ಸಾಲಿನ ಯಾವ ಹಂತದ್ದು ಎಂದು ಗುರುತಿಸಿದರೆ ಹುಡುಕಾಟ ಅರ್ಧ ಮುಗಿದಂತೆ. ಹಂತ ಯಾವುದೆಂದು ದೋಷದ ಸಾಲೇ ಬಹುತೇಕ ಹೇಳಿಬಿಡುತ್ತದೆ, ನಿಧಾನವಾಗಿ ಓದಿದರೆ.

ಪ್ರೋಗ್ರಾಂ ಫೈಲೇ ಇಲ್ಲ ಅನ್ನುತ್ತಿದ್ದರೆ

ಎಲ್ಲಕ್ಕಿಂತ ತಲೆ ಕೆಡಿಸುವುದು ಇದು. ‘ಎಲ್‌ಎಸ್’ ಹೊಡೆದರೆ ಫೈಲ್ ಕಾಣಿಸುತ್ತದೆ, ಓಡಿಸುವ ಅನುಮತಿಯೂ ಇದೆ, ಆದರೂ ಹಲವು ಶೆಲ್‌ಗಳು ‘ಅಂಥ ಫೈಲ್ ಇಲ್ಲ’ ಎನ್ನುತ್ತವೆ. ಇಲ್ಲದಿರುವುದು ನಿಮ್ಮ ಪ್ರೋಗ್ರಾಂ ಅಲ್ಲ, ಅದು ಕೇಳುವ ಲೋಡರ್. ಎರಡರಲ್ಲಿ ಯಾವುದು ಇಲ್ಲದಿದ್ದರೂ ಕರ್ನಲ್ ಒಂದೇ ದೋಷಸಂಖ್ಯೆ ಹಿಂದಿರುಗಿಸುತ್ತದೆ, ಯಾವ ಫೈಲ್ ಇಲ್ಲ ಅನ್ನುವುದನ್ನು ಅದು ಶೆಲ್‌ಗೆ ಹೇಳುವುದಿಲ್ಲ.

ಉಬುಂಟುವಿನಲ್ಲಿ ಕಂಪೈಲ್ ಮಾಡಿದ್ದನ್ನು ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಕಂಟೇನರ್‌ಗೆ ಹಾಕಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಆಲ್ಪೈನ್‌ನಲ್ಲಿರುವುದು ಉಬುಂಟುವಿನ ಸಿ ಲೈಬ್ರರಿಯಾದ ಜಿಲಿಬ್‌ಸಿ ಅಲ್ಲ, ಮಸಲ್ ಎಂಬ ಬೇರೆ ಸಿ ಲೈಬ್ರರಿ. ಅದರ ಲೋಡರ್‌ನ ಹೆಸರೂ ಬೇರೆ, ಜಾಗವೂ ಬೇರೆ. 32 ಬಿಟ್‌ನ ಹಳೆಯ ಪ್ರೋಗ್ರಾಂ ಅನ್ನು ಬರೀ 64 ಬಿಟ್ ಲೈಬ್ರರಿಗಳಿರುವ ಯಂತ್ರದಲ್ಲಿ ಓಡಿಸಿದರೂ ಇದೇ ಗತಿ. ‘ರೀಡ್‌ಎಲ್ಫ್ -ಎಲ್’ ಹೊಡೆದು ಇಂಟರ್‌ಪ್ರಿಟರ್ ಸಾಲು ನೋಡಿ, ಆ ಫೈಲ್ ನಿಮ್ಮಲ್ಲಿದೆಯೇ ಪರೀಕ್ಷಿಸಿ. ಇಲ್ಲವಾದರೆ ಲೋಡರನ್ನು ಎಲ್ಲಿಂದಲೋ ತಂದು ತುರುಕಬೇಡಿ, ಸರಿಯಾದ ಬೇಸ್ ಇಮೇಜ್ (ಕಂಟೇನರ್‌ಗೆ ತಳಹದಿಯಾಗುವ ಸಿಸ್ಟಮ್ ಫೈಲುಗಳ ಕಟ್ಟು) ಆರಿಸಿಕೊಳ್ಳಿ.

ಹೆಸರು ಹಿಡಿದು ‘ಇಲ್ಲ’ ಅನ್ನುತ್ತಿದ್ದರೆ

ದೋಷದ ಸಾಲಿನಲ್ಲಿ ಲೈಬ್ರರಿಯ ಹೆಸರಿದ್ದರೆ ಲೋಡರ್ ಬಂದು ಕೆಲಸ ಶುರು ಮಾಡಿದೆ ಎಂದು ಅರ್ಥ. ಈಚಿನ ವರ್ಷಗಳಲ್ಲಿ ನಾನು ಹೆಚ್ಚು ನೋಡಿದ ಹೆಸರು ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1. ಉಬುಂಟು 20.04ರಲ್ಲಿ ಎನ್‌ಕ್ರಿಪ್ಷನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ 1.1.1 ಇತ್ತು; 22.04ರಲ್ಲಿ ಅದು ಹೋಗಿ 3.0 ಬಂತು. ಸರ್ವರ್ ಮೇಲ್ದರ್ಜೆಗೇರಿಸಿದ ಮರುದಿನ ಹಳೆಯ ಬೈನರಿಗಳೆಲ್ಲ (ಕಂಪೈಲ್ ಆದ ಪ್ರೋಗ್ರಾಂಗಳು) 1.1 ಎಲ್ಲಿ ಎಂದು ಕೇಳತೊಡಗುತ್ತವೆ.

ಸಿಮ್‌ಲಿಂಕ್ ಪಂಡಿತರು ಇಲ್ಲೇ ಹಾಜರಾಗುವುದು. ಎಸ್‌ಒ.3ಕ್ಕೆ ಎಸ್‌ಒ.1.1 ಎಂಬ ಹೆಸರಿನ ಲಿಂಕ್ ಹಾಕಿದರೆ ಲೋಡರ್ ಫೈಲನ್ನೇನೋ ತೆರೆಯುತ್ತದೆ. ಆದರೆ ಒಳಗಿನ ಆವೃತ್ತಿಪಟ್ಟಿ ನೋಡಿ, ‘ಓಪನ್‌ಎಸ್‌ಎಸ್‌ಎಲ್_1_1_0 ಎಂಬ ಆವೃತ್ತಿ ಸಿಗಲಿಲ್ಲ’ ಎಂದು ಮತ್ತೆ ನಿಲ್ಲುತ್ತದೆ. ಇದು ಅದೃಷ್ಟ. ಹೀಗೆ ಆವೃತ್ತಿ ನಮೂದಿಸದ ಲೈಬ್ರರಿಯಾಗಿದ್ದರೆ ಸದ್ದಿಲ್ಲದೆ ಲೋಡ್ ಆಗಿ, ಸ್ಟ್ರಕ್ಚರ್‌ಗಳ ಅಳತೆ ತಾಳೆಯಾಗದೆ ಎಲ್ಲೋ ಮೆಮೊರಿ ಕೆಡಿಸುತ್ತದೆ.

ಹೆಸರಿನ ಕೊನೆಯ ಆ ಅಂಕಿ ಅಲಂಕಾರಕ್ಕಿಲ್ಲ. ಲೈಬ್ರರಿ ತನ್ನೊಳಗೇ ತನ್ನ ‘ಎಸ್‌ಒ-ನೇಮ್’ ಬರೆದುಕೊಂಡಿರುತ್ತದೆ. ನೀವು ಕಂಪೈಲ್ ಮಾಡುವಾಗ ಲಿಂಕರ್ ಆ ಹೆಸರನ್ನು ಪ್ರೋಗ್ರಾಂನ ‘ನೀಡೆಡ್’ ಪಟ್ಟಿಗೆ ನಕಲು ಮಾಡುತ್ತದೆ. ಹಳೆಯ ಪ್ರೋಗ್ರಾಂಗಳಿಗೆ ಹೊಂದದಂಥ ಬದಲಾವಣೆ ಮಾಡಿದಾಗ ಲೈಬ್ರರಿಯವರು ಅಂಕಿ ಬದಲಿಸುತ್ತಾರೆ. ಸಿಮ್‌ಲಿಂಕ್ ಹಾಕುವವನು ಅವರ ಎಚ್ಚರಿಕೆಯನ್ನೇ ಅಳಿಸುತ್ತಾನೆ. 1.1.1ಕ್ಕೆ ಓಪನ್‌ಎಸ್‌ಎಸ್‌ಎಲ್‌ನವರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ. ಸೋರ್ಸ್ ಇದ್ದರೆ 3ಕ್ಕೆ ಮತ್ತೆ ಕಂಪೈಲ್ ಮಾಡಿ. ಇಲ್ಲದಿದ್ದರೆ ಹಳೆಯ ಬೇಸ್ ಇಮೇಜಿನ ಕಂಟೇನರ್‌ನೊಳಗೆ ಕೂರಿಸಿ, ಹೊರಗಿನ ನೆಟ್‌ವರ್ಕ್‌ನಿಂದ ದೂರ ಇಡಿ.

ಫೈಲ್ ಇದ್ದೂ ಸಿಗದಿದ್ದರೆ ಹುಡುಕುವ ಕ್ರಮ ನೋಡಬೇಕು. ಕೇಳಿದ ಹೆಸರಿನಲ್ಲಿ ಓರೆಗೆರೆ ಇದ್ದರೆ ಅದನ್ನೇ ವಿಳಾಸವೆಂದು ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಜಿಲಿಬ್‌ಸಿಯ ಲೋಡರ್ ಮೊದಲು ಬೈನರಿಯೊಳಗೆ ಬರೆದಿಟ್ಟ ‘ಆರ್‌ಪಾತ್’ ಎಂಬ ಫೋಲ್ಡರ್ ಪಟ್ಟಿ ನೋಡುತ್ತದೆ, ಆದರೆ ಅದೇ ಬೈನರಿಯಲ್ಲಿ ‘ರನ್‌ಪಾತ್’ ಕೂಡ ಇದ್ದರೆ ಆರ್‌ಪಾತನ್ನು ಕಡೆಗಣಿಸುತ್ತದೆ. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್, ಅದರ ನಂತರ ರನ್‌ಪಾತ್, ನಂತರ /ಇಟಿಸಿ/ಎಲ್‌ಡಿ.ಎಸ್‌ಒ.ಕ್ಯಾಶ್, ಕೊನೆಗೆ /ಲಿಬ್ ಮತ್ತು /ಯುಎಸ್‌ಆರ್/ಲಿಬ್, 64 ಬಿಟ್‌ನಲ್ಲಿ ಅವುಗಳ ಜೋಡಿ ಫೋಲ್ಡರ್‌ಗಳು. ಆ ಕ್ಯಾಶ್ ತಾನಾಗಿ ಹೊಸದಾಗುವುದಿಲ್ಲ. /ಯುಎಸ್‌ಆರ್/ಲೋಕಲ್/ಲಿಬ್‌ಗೆ ಕೈಯಾರೆ ಲೈಬ್ರರಿ ಹಾಕಿ ‘ಎಲ್‌ಡಿ-ಕಾನ್ಫಿಗ್’ (ldconfig) ಓಡಿಸುವುದನ್ನು ಮರೆತರೆ ಫೈಲ್ ಇದ್ದರೂ ಲೋಡರ್‌ಗೆ ಇಲ್ಲದ ಹಾಗೆಯೇ. ‘ಎಲ್‌ಡಿ-ಕಾನ್ಫಿಗ್ -ಪಿ’ ಹೊಡೆದರೆ ಕ್ಯಾಶ್‌ನಲ್ಲಿರುವ ಪಟ್ಟಿ ಕಾಣುತ್ತದೆ. ಹೆಸರು ಅಲ್ಲಿಲ್ಲ ಎಂದರೆ ಬೇರೆಲ್ಲೂ ಹುಡುಕುವ ಮುನ್ನ ಇದನ್ನು ಸರಿಮಾಡಿ.

ಆರ್‌ಪಾತ್ ಮತ್ತು ರನ್‌ಪಾತ್ ಒಂದೇ ಥರ ಕಂಡರೂ ಸ್ವಭಾವ ಬೇರೆ. ಪ್ರೋಗ್ರಾಂನ ಆರ್‌ಪಾತ್ ಅದರ ಲೈಬ್ರರಿಗಳು ಕೇಳುವ ಲೈಬ್ರರಿಗಳಿಗೂ ಅನ್ವಯಿಸುತ್ತದೆ. ರನ್‌ಪಾತ್ ಆ ಫೈಲು ನೇರವಾಗಿ ಕೇಳಿದ್ದಕ್ಕಷ್ಟೇ. ಪ್ರೋಗ್ರಾಂ ‘ಅ’ವನ್ನು ಕೇಳಿ, ‘ಅ’ ಲೈಬ್ರರಿ ‘ಆ’ವನ್ನು ಕೇಳಿ, ಎರಡೂ ಒಂದೇ ಫೋಲ್ಡರ್‌ನಲ್ಲಿದ್ದರೂ ‘ಅ’ ಸಿಕ್ಕಿ ‘ಆ’ ಸಿಗದೆ ಹೋಗುವುದು ಇದರಿಂದಲೇ. ಉಬುಂಟು ಮೊದಲಾದ ಕಡೆ ಲಿಂಕರ್ ಈಗ ಡೀಫಾಲ್ಟಾಗಿ ರನ್‌ಪಾತನ್ನೇ ಬರೆಯುತ್ತದೆ. ಆದ್ದರಿಂದ ಜೊತೆಯಲ್ಲಿ ಕಳಿಸುವ ಪ್ರತಿಯೊಂದು ಲೈಬ್ರರಿಗೂ ‘ಡಾಲರ್-ಒರಿಜಿನ್’ ($ORIGIN, ಅಂದರೆ ಆ ಫೈಲು ಇರುವ ಫೋಲ್ಡರ್) ಬಳಸಿ ಅದರದೇ ದಾರಿ ಬರೆಯಬೇಕು. ‘ಪ್ಯಾಚ್‌ಎಲ್ಫ್’ ಎಂಬ ಸಾಧನದಿಂದ ಆಮೇಲೂ ಬರೆಯಬಹುದು. ಶೆಲ್ ಆ ಡಾಲರನ್ನು ತನ್ನದೆಂದುಕೊಂಡು ನುಂಗದಂತೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ.

ನನ್ನ ಕೈಯಲ್ಲಿ ಓಡುತ್ತೆ, ಸರ್ವಿಸ್ ಆಗಿ ಓಡಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ಎಲ್‌ಡಿ_ಲೈಬ್ರರಿ_ಪಾತ್. ಅದನ್ನು ನಿಮ್ಮ ಬ್ಯಾಶ್-ಆರ್‌ಸಿಯಲ್ಲಿ ಬರೆದರೆ ಸಿಸ್ಟಮ್‌ಡಿ ಸರ್ವಿಸ್‌ಗೂ ಕ್ರಾನ್‌ಗೂ ಅದು ತಲುಪುವುದಿಲ್ಲ, ‘ಸುಡೊ’ ಕಮಾಂಡ್ ಅದನ್ನು ಕಿತ್ತು ಹಾಕುತ್ತದೆ, ಯಾರು ಓಡಿಸಿದರೂ ಫೈಲಿನ ಮಾಲೀಕನ ಹಕ್ಕಿನಲ್ಲಿ ಓಡುವ ಸೆಟ್-ಯುಐಡಿ ಪ್ರೋಗ್ರಾಂಗಳಲ್ಲಿ ಲೋಡರ್ ತಾನೇ ಅದನ್ನು ಕಡೆಗಣಿಸುತ್ತದೆ. ಯಾರೋ ಇಟ್ಟ ಲೈಬ್ರರಿ ರೂಟ್ ಹಕ್ಕಿನ ಪ್ರೋಗ್ರಾಂನೊಳಗೆ ನುಗ್ಗದಿರಲಿ ಎಂಬ ಭದ್ರತೆಗಾಗಿ ಈ ಏರ್ಪಾಡು. ನನ್ನ ಅಭಿಪ್ರಾಯದಲ್ಲಿ ಆ ವೇರಿಯಬಲ್ ಪರೀಕ್ಷೆಗೆ ಮಾತ್ರ. ಕಾಯಂ ವ್ಯವಸ್ಥೆಗೆ /ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗೊಂದು ಫೈಲ್, ಇಲ್ಲವೇ ಡಾಲರ್-ಒರಿಜಿನ್.

ಬಾಯಿ ಬಿಡಿಸುವುದು

ಎಲ್ಲರಿಗೂ ಗೊತ್ತಿರುವ ‘ಎಲ್‌ಡಿಡಿ’ ಒಳ್ಳೆಯದೇ, ಆದರೆ ಎರಡು ತಕರಾರು. ಅದು ಬಹುತೇಕ ಲೋಡರನ್ನೇ ಕರೆದು ಉತ್ತರ ಪಡೆಯುವ ಸ್ಕ್ರಿಪ್ಟ್. ಕೆಲವು ಸಂದರ್ಭಗಳಲ್ಲಿ ಪ್ರೋಗ್ರಾಂನ ಕೋಡ್ ಓಡಿಬಿಡಬಹುದು. ಗುರುತಿಲ್ಲದ ಬೈನರಿಗೆ ಅದನ್ನು ಹಚ್ಚಬೇಡಿ, ‘ರೀಡ್‌ಎಲ್ಫ್ -ಡಿ’ ಬಳಸಿ. ಅದು ಫೈಲನ್ನು ಬರೀ ಓದುತ್ತದೆ. ಇನ್ನೊಂದು, ಎಲ್‌ಡಿಡಿಗೆ ಶುರುವಿನಲ್ಲೇ ಕೇಳಿದ ಲೈಬ್ರರಿಗಳಷ್ಟೇ ಕಾಣುತ್ತವೆ. ಓಡುವ ನಡುವೆ ‘ಡಿಎಲ್-ಓಪನ್’ ಮೂಲಕ ಕರೆಸಿಕೊಂಡವು ಕಾಣುವುದಿಲ್ಲ.

ನಿಜವಾದ ಆಯುಧ ಎಲ್‌ಡಿ_ಡೀಬಗ್. ಪ್ರೋಗ್ರಾಂ ಹೆಸರಿಗೆ ಮೊದಲು ‘ಎಲ್‌ಡಿ_ಡೀಬಗ್=ಲಿಬ್ಸ್’ ಎಂದು ಹಾಕಿ ಓಡಿಸಿ. ಯಾವ ಲೈಬ್ರರಿ ಬೇಕಿತ್ತು, ಯಾವ ದಾರಿಗಳ ಪಟ್ಟಿ ಯಾವುದರಿಂದ ಬಂತು, ಯಾವ್ಯಾವ ಫೈಲ್ ಪ್ರಯತ್ನಿಸಲಾಯಿತು ಎಲ್ಲವೂ ಸಾಲುಸಾಲಾಗಿ ಬರುತ್ತದೆ. ‘ಲಿಬ್ಸ್’ ಬದಲು ‘ವರ್ಷನ್ಸ್’ ಎಂದರೆ ಆವೃತ್ತಿ ತಾಳೆ, ‘ಬೈಂಡಿಂಗ್ಸ್’ ಎಂದರೆ ಯಾವ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್‌ನ ಹೆಸರು) ಯಾವ ಲೈಬ್ರರಿಗೆ ಕೂಡಿಕೊಂಡಿತು ಎಂಬ ವಿವರ. ‘ಹೆಲ್ಪ್’ ಎಂದರೆ ಇಂಥವೆಲ್ಲದರ ಪಟ್ಟಿ. ಔಟ್‌ಪುಟ್ ವಿಪರೀತ ಎನ್ನಿಸಿದರೆ ಎಲ್‌ಡಿ_ಡೀಬಗ್_ಔಟ್‌ಪುಟ್‌ಗೆ ಒಂದು ಫೈಲ್ ಹೆಸರು ಕೊಡಿ, ಪ್ರೋಸೆಸ್ ಸಂಖ್ಯೆಯನ್ನು ಅದರ ಬಾಲಕ್ಕೆ ಸೇರಿಸಿ ಅಲ್ಲಿ ಬರೆದಿಡುತ್ತದೆ. ಇದು ಜಿಲಿಬ್‌ಸಿಯ ಸೌಲಭ್ಯ. ಆಲ್ಪೈನ್‌ನ ಮಸಲ್‌ನಲ್ಲಿ ಇಲ್ಲ, ಅಲ್ಲಿ ‘ಎಸ್‌ಟ್ರೇಸ್’ ಹಚ್ಚಿ ಯಾವ ಫೈಲ್ ತೆರೆಯಲು ಹೋಯಿತೆಂದು ನೋಡಬೇಕು.

ದೋಷದ ಸಾಲೇ ಇಲ್ಲದ ದೋಷ

ಎಲ್‌ಡಿ_ಡೀಬಗ್ ಎಷ್ಟು ಬೆಲೆಬಾಳುತ್ತದೆ ಅನ್ನುವುದಕ್ಕೆ ಚಾಮರಾಜಪೇಟೆಯ ಕಡೆಯ ಒಂದು ಸಣ್ಣ ಮುದ್ರಣಾಲಯದ ಪ್ರಕರಣ ಹೇಳಬೇಕು. ಅವರಲ್ಲಿ ಪ್ರಮಾಣಪತ್ರ ಮುದ್ರಿಸುವ ಒಂದು ಪೈಥಾನ್ ಪ್ರೋಗ್ರಾಂ ಇದೆ. ವೆಬ್ ಫಾರಂನಲ್ಲಿ ಹೆಸರು, ಬಡಾವಣೆ ತುಂಬಿದರೆ ಪಿಲ್ಲೋ ಎಂಬ ಲೈಬ್ರರಿ ಬಳಸಿ ಚಿತ್ರದ ಮೇಲೆ ಕನ್ನಡದಲ್ಲಿ ಬರೆದು ಕೊಡುತ್ತದೆ. ಅದನ್ನು ಹೊಸ ಕಂಟೇನರ್‌ಗೆ ವರ್ಗಾಯಿಸಿದ ಮೇಲೆ ಮಾಲೀಕರ ಫೋನು. “ಸಾರ್, ಒತ್ತಕ್ಷರ ಎಲ್ಲಾ ಕಿತ್ತು ಪಕ್ಕಕ್ಕೆ ಬಂದು ನಿಂತಿದೆ. ಸ್ವಲ್ಪ ನೋಡಿ ಸಾರ್.” ಚಿಕ್ಕಪೇಟೆ ಹೋಗಿ ‘ಚಿಕ್‌ಕಪೇಟೆ’ ಆಗಿತ್ತು, ಮಲ್ಲೇಶ್ವರ ‘ಮಲ್‌ಲೇಶ್‌ವರ’ ಆಗಿತ್ತು. ಲಾಗ್‌ನಲ್ಲಿ ಒಂದೇ ಒಂದು ದೋಷದ ಸಾಲಿಲ್ಲ. ಪ್ರೋಗ್ರಾಂ ಬರೆದ ಹುಡುಗನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ.

ಕನ್ನಡ ಕೆಟ್ಟು ಕಂಡಾಗ ಎಲ್ಲರೂ ಮೊದಲು ಅನುಮಾನಿಸುವುದು ಫಾಂಟನ್ನು. ಅದು ಸಹಜವೂ ಹೌದು. ಎರಡೂ ಕಡೆಯ ಫಾಂಟ್ ಫೈಲಿನ ಚೆಕ್‌ಸಮ್ ತಾಳೆ ನೋಡಿದರೆ ಒಂದೇ. ಹಾಗಾದರೆ ಫಾಂಟ್ ಸರಿಯಿದೆ, ಅದನ್ನು ಓದುವವರು ಬದಲಾಗಿದ್ದಾರೆ. ಯುನಿಕೋಡ್‌ನಲ್ಲಿ ‘ಕ್ಕ’ ಎಂಬುದು ಕ, ಹಲಂತ ಚಿಹ್ನೆ (್), ಇನ್ನೊಂದು ಕ ಎಂಬ ಮೂರು ಸಂಕೇತಗಳು. ಅವನ್ನು ನೋಡಿ ಒತ್ತಿನ ರೂಪ ಆರಿಸಿ ಕೆಳಗೆ ಕೂರಿಸುವ ಕೆಲಸ ಹಾರ್ಫ್‌ಬಜ್ ಎಂಬ ಲೈಬ್ರರಿಯದು. ಪಿಲ್ಲೋ ಅದನ್ನು ನೇರವಾಗಿ ಕರೆಯುವುದಿಲ್ಲ, ರಾಕ್ಮ್ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಕರೆಯುತ್ತದೆ. ರಾಕ್ಮ್ ಇಲ್ಲದಿದ್ದರೆ ಪಿಲ್ಲೋ ತನ್ನ ‘ಬೇಸಿಕ್’ ಜೋಡಣೆಗೆ ಇಳಿಯುತ್ತದೆ: ಒಂದು ಸಂಕೇತಕ್ಕೆ ಒಂದು ಚಿತ್ರ, ಎಡದಿಂದ ಬಲಕ್ಕೆ. ಇಂಗ್ಲಿಷ್‌ಗೆ ಅಷ್ಟು ಸಾಕು. ಕನ್ನಡಕ್ಕೆ ಏನಾಗುತ್ತದೆಂದು ಮೇಲೆ ನೋಡಿದ್ದೀರಿ.

ಪೈಥಾನ್‌ನಲ್ಲಿ ಪಿಲ್ಲೋದ ‘ಫೀಚರ್ಸ್’ ಮಾಡ್ಯೂಲನ್ನು ಕರೆದು ರಾಕ್ಮ್ ಇದೆಯೇ ಎಂದು ಕೇಳಿದರೆ ಲ್ಯಾಪ್‌ಟಾಪಿನಲ್ಲಿ ‘ಹೌದು’, ಕಂಟೇನರ್‌ನಲ್ಲಿ ‘ಇಲ್ಲ’. ಪಿಲ್ಲೋ ಆವೃತ್ತಿ ಎರಡೂ ಕಡೆ ಒಂದೇ, ವೀಲ್ (ಪೈಥಾನ್ ಪ್ಯಾಕೇಜಿನ ಸಿದ್ಧ ಕಟ್ಟು) ಒಂದೇ. ಪಿಲ್ಲೋದ ಫಾಂಟ್ ಮಾಡ್ಯೂಲಿನ ಎಸ್‌ಒ ಫೈಲಿಗೆ ಎಲ್‌ಡಿಡಿ ಹಚ್ಚಿದರೆ ಎರಡೂ ಕಡೆ ಎಲ್ಲವೂ ಸಿಕ್ಕಿದೆ, ‘ನಾಟ್ ಫೌಂಡ್’ ಎಂಬ ಸಾಲೇ ಇಲ್ಲ. ಎಲ್‌ಡಿಡಿಯನ್ನೇ ನಂಬಿದವನು ಇಲ್ಲಿಗೆ ಕೈಚೆಲ್ಲಿ ಫಾಂಟಿಗೆ ವಾಪಸ್ ಹೋಗುತ್ತಾನೆ.

ಅದೇ ಪ್ರಶ್ನೆಯನ್ನು ‘ಎಲ್‌ಡಿ_ಡೀಬಗ್=ಲಿಬ್ಸ್’ ಹಾಕಿ ಕೇಳಿದಾಗ ಗುಟ್ಟು ಹೊರಬಿತ್ತು. ಪೈಥಾನ್, ಪಿಲ್ಲೋ, ಫ್ರೀಟೈಪ್ ಎಲ್ಲ ಬಂದಾದ ಮೇಲೆ ಲಿಬ್‌ಫ್ರಿಬಿಡಿ ಎಂಬ ಹೆಸರಿಗಾಗಿ ಹುಡುಕಾಟ. ಕ್ಯಾಶ್‌ನಲ್ಲಿ ಇಲ್ಲ, ಸಿಸ್ಟಮ್ ಫೋಲ್ಡರ್‌ಗಳಲ್ಲಿ ಒಂದಾದ ಮೇಲೊಂದು ಪ್ರಯತ್ನ, ಎಲ್ಲೂ ಇಲ್ಲ, ಮುಂದಕ್ಕೆ. ಲ್ಯಾಪ್‌ಟಾಪಿನಲ್ಲಿ ಅದೇ ಹುಡುಕಾಟ ಕ್ಯಾಶ್‌ನಲ್ಲೇ ಮುಗಿದು, ಲೈಬ್ರರಿಯ ಆರಂಭದ ಫಂಕ್ಷನ್ ಓಡಿದ ಸಾಲು ಕಾಣುತ್ತದೆ.

ಸಂಗತಿ ಏನೆಂದರೆ, ಪಿಲ್ಲೋ 8.2.0ರಿಂದ ಈಚೆಗೆ ವೀಲ್‌ನೊಳಗೆ ರಾಕ್ಮ್ ಸೇರಿಯೇ ಬರುತ್ತದೆ, ಆದರೆ ರಾಕ್ಮ್‌ಗೆ ಬೇಕಾದ ಫ್ರಿಬಿಡಿಯನ್ನು ಜೊತೆಯಲ್ಲಿ ಕೊಡದೆ ಓಡುವ ಹೊತ್ತಿಗೆ ಡಿಎಲ್-ಓಪನ್ ಮಾಡುತ್ತದೆ. ಸಿಕ್ಕರೆ ರಾಕ್ಮ್ ಉಂಟು, ಸಿಗದಿದ್ದರೆ ಇಲ್ಲ. ಡಿಎಲ್-ಓಪನ್ ಸೋತರೆ ಪ್ರೋಗ್ರಾಂ ಸಾಯುವುದಿಲ್ಲ, ಒಂದು ಖಾಲಿ ಪಾಯಿಂಟರ್ ಹಿಂದಿರುಗುತ್ತದೆ ಅಷ್ಟೆ. ಅದನ್ನು ದೋಷವೆಂದು ಎಣಿಸಬೇಕೋ ಬೇಡವೋ ಎಂಬುದು ಕರೆದವರ ಇಷ್ಟ. ‘ನೀಡೆಡ್’ ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಎಲ್‌ಡಿಡಿಗೆ ಅದು ಕಾಣಲೇ ಇಲ್ಲ. ಉಬುಂಟು ಡೆಸ್ಕ್‌ಟಾಪಿನಲ್ಲಿ ಪ್ಯಾಂಗೋ, ಜಿಟಿಕೆಗಳ ಜೊತೆ ಫ್ರಿಬಿಡಿ ಹೇಗೂ ಬಂದು ಕೂತಿರುತ್ತದೆ, ಹಾಗಾಗಿ ಹುಡುಗನ ಲ್ಯಾಪ್‌ಟಾಪ್ ಯಾವತ್ತೂ ತಕರಾರು ತೆಗೆದಿಲ್ಲ. ಡೆಬಿಯನ್ ‘ಸ್ಲಿಮ್’ ಇಮೇಜಿನಲ್ಲಿ ಅದು ಇರುವುದಿಲ್ಲ. ಇದರಲ್ಲೊಂದು ತಮಾಷೆಯೂ ಇದೆ: ಫ್ರಿಬಿಡಿಯ ಕಸುಬು ಅರೇಬಿಕ್, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಹೋಗುವ ಬರಹವನ್ನು ಸಂಭಾಳಿಸುವುದು. ಕನ್ನಡಕ್ಕೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಆದರೂ ಅದಿಲ್ಲದೆ ಚಿಕ್ಕಪೇಟೆಗೆ ಒತ್ತು ಬರುವುದಿಲ್ಲ.

ಪರಿಹಾರ ಡಾಕರ್‌ಫೈಲಿನಲ್ಲಿ ಒಂದು ಸಾಲು, ‘ಲಿಬ್‌ಫ್ರಿಬಿಡಿ0’ ಎಂಬ ಪ್ಯಾಕೇಜ್ ಹಾಕಿಸುವುದು. ಆದರೆ ಅಷ್ಟಕ್ಕೆ ಬಿಟ್ಟರೆ ಮುಂದೆ ಯಾರೋ ಇಮೇಜಿನ ಗಾತ್ರ ಇಳಿಸಲು ಹೋಗಿ ಆ ಸಾಲನ್ನೇ ಕತ್ತರಿಸುತ್ತಾರೆ. ಅದಕ್ಕೇ ಎರಡು ಕಾವಲು ಹಾಕಿಸಿದೆ. ಪ್ರೋಗ್ರಾಂ ಶುರುವಾಗುವಾಗಲೇ ರಾಕ್ಮ್ ಇದೆಯೇ ಕೇಳಿ, ಇಲ್ಲವಾದರೆ ನಿಂತುಬಿಡುವುದು ಒಂದು. ಬರೆಯುವ ಕರೆಯಲ್ಲಿ ‘ಲ್ಯಾಂಗ್ವೇಜ್’ ಎಂಬ ಆಯ್ಕೆಗೆ ಕನ್ನಡದ ಸಂಕೇತವಾದ ‘ಕೆಎನ್’ ಕೊಡುವುದು ಇನ್ನೊಂದು. ರಾಕ್ಮ್ ಇಲ್ಲದೆ ಆ ಆಯ್ಕೆ ಬಳಸಿದರೆ ಪಿಲ್ಲೋ ಸುಮ್ಮನೆ ಬೇಸಿಕ್‌ಗೆ ಇಳಿಯುವುದಿಲ್ಲ, ಎಕ್ಸೆಪ್ಷನ್ ಎಸೆಯುತ್ತದೆ. ಮುದ್ರಣಾಲಯದಲ್ಲಿ ಕಾಗದ ಹಾಳಾಗುವುದಕ್ಕಿಂತ ಪ್ರೋಗ್ರಾಂ ಕಿರುಚಿಕೊಂಡು ನಿಲ್ಲುವುದು ಮೇಲು.

ಕನ್ನಡ ಬರಹವನ್ನು ಚಿತ್ರಕ್ಕೋ ಪಿಡಿಎಫ್‌ಗೋ ಇಳಿಸುವ ಯಾವುದೇ ಸೇವೆ ಕಂಟೇನರ್‌ಗೆ ಹೋದಾಗ ಕೆಟ್ಟರೆ ಇದೇ ಜಾಡು ಹಿಡಿಯಿರಿ. ಪ್ಲಗಿನ್‌ಗಳು, ಡೇಟಾಬೇಸ್ ಡ್ರೈವರ್‌ಗಳು, ಹೆಸರಿನಿಂದ ಬಳಕೆದಾರರನ್ನು ಹುಡುಕುವ ಎನ್‌ಎಸ್‌ಎಸ್ ಮಾಡ್ಯೂಲ್‌ಗಳು ಎಲ್ಲವೂ ಡಿಎಲ್-ಓಪನ್ ದಾರಿಯಲ್ಲೇ ಬರುವಂಥವು.

ಲೈಬ್ರರಿ ಸಿಕ್ಕಿತು, ಒಳಗಿನದು ಸಿಗಲಿಲ್ಲ

‘ಜಿಲಿಬ್‌ಸಿ_2.34 ಎಂಬ ಆವೃತ್ತಿ ಸಿಗಲಿಲ್ಲ’ ಎಂಬ ಸಾಲಿಗೆ ಕಾರಣ ಸರಳ. ಪ್ರೋಗ್ರಾಂ ಕಂಪೈಲ್ ಆಗಿದ್ದು ಹೊಸ ಯಂತ್ರದಲ್ಲಿ, ಓಡುತ್ತಿರುವುದು ಹಳೆಯದರಲ್ಲಿ. ಉಬುಂಟು 20.04ರಲ್ಲಿ ಜಿಲಿಬ್‌ಸಿ 2.31, 22.04ರಲ್ಲಿ 2.35, 24.04ರಲ್ಲಿ 2.39. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡಬೇಕೆಂದಿಲ್ಲ. ಎಲ್ಲರಿಗೂ 2.34ರ ಹೆಸರೇ ಎದುರಾಗುವುದಕ್ಕೆ ಕಾರಣವಿದೆ. 2021ರ ಆಗಸ್ಟ್‌ನ ಆ ಬಿಡುಗಡೆಯಲ್ಲಿ ಥ್ರೆಡ್ ಮತ್ತು ಡಿಎಲ್ ಲೈಬ್ರರಿಗಳನ್ನು ಸಿ ಲೈಬ್ರರಿಯೊಳಗೇ ಸೇರಿಸಿದರು, ಮೇನ್ ಅನ್ನು ಕರೆಯುವ ಆರಂಭದ ಫಂಕ್ಷನ್‌ಗೂ ಹೊಸ ಆವೃತ್ತಿ ಕೊಟ್ಟರು. ಅಲ್ಲಿಂದೀಚೆಗೆ ಕಟ್ಟಿದ ಪ್ರೋಗ್ರಾಂ ‘ನಮಸ್ಕಾರ’ ಎಂದು ಮುದ್ರಿಸುವಷ್ಟು ಚಿಕ್ಕದಾದರೂ 2.34 ಕೇಳುತ್ತದೆ.

ಹೊಸ ಯಂತ್ರದಿಂದ ಲಿಬ್‌ಸಿ.ಎಸ್‌ಒ.6 ನಕಲು ಮಾಡಿ ತರುವ ಆಸೆ ಬರುತ್ತದೆ. ಬೇಡ. ಲೋಡರ್ ಮತ್ತು ಸಿ ಲೈಬ್ರರಿ ಒಟ್ಟಿಗೆ ಕಟ್ಟಿದ ಜೋಡಿ, ಒಂದನ್ನು ಬದಲಿಸಿದರೆ ಇನ್ನೊಂದು ಒಪ್ಪುವುದಿಲ್ಲ. ಸಿಸ್ಟಮ್ ಫೋಲ್ಡರಿನಲ್ಲೇ ಬದಲಿಸಿದರಂತೂ ‘ಎಲ್‌ಎಸ್’ ಕೂಡ ಓಡದ ಸ್ಥಿತಿ ಬಂದೀತು. ನೀವು ಓಡಿಸಬೇಕಾದ ಅತ್ಯಂತ ಹಳೆಯ ವ್ಯವಸ್ಥೆ ಯಾವುದೋ ಅದರ ಕಂಟೇನರ್‌ನಲ್ಲೇ ಕಟ್ಟಿ. ಪೈಥಾನ್‌ನವರ ‘ಮೆನಿಲಿನಕ್ಸ್2014’ ವೀಲ್‌ಗಳು ಜಿಲಿಬ್‌ಸಿ 2.17 ಇರುವ ಸೆಂಟ್‌ಓಎಸ್ 7ರ ಮೇಲೆ ಕಟ್ಟುತ್ತಿದ್ದುದು ಈ ಲೆಕ್ಕದಿಂದಲೇ.

‘ಸಿಂಬಲ್ ಸಿಗಲಿಲ್ಲ’ ಎಂಬ ದೋಷ ಇನ್ನೊಂದು ಬಗೆ. ಇದು ಶುರುವಿನಲ್ಲೇ ಬರಬಹುದು, ಗಂಟೆಗಟ್ಟಲೆ ಓಡಿದ ಮೇಲೂ ಬರಬಹುದು. ‘ಶುರುವಿನಲ್ಲೇ ಹುಡುಕು’ ಎಂದು ಬೈನರಿಯಲ್ಲಿ ಬರೆದಿಲ್ಲದಿದ್ದರೆ ಲೋಡರ್ ಸೋಮಾರಿ: ಹೊರಗಿನ ಫಂಕ್ಷನ್‌ಗಳ ವಿಳಾಸವನ್ನು ಮೊದಲ ಸಲ ಕರೆದಾಗ ಮಾತ್ರ ಹುಡುಕಿ, ‘ಗಾಟ್’ ಎಂಬ ಕೋಷ್ಟಕದಲ್ಲಿ ಬರೆದಿಡುತ್ತದೆ. ಯಾರೂ ಕರೆಯದ ಫಂಕ್ಷನ್ ಇಲ್ಲದಿದ್ದರೂ ಗೊತ್ತಾಗುವುದಿಲ್ಲ, ತಿಂಗಳ ಕೊನೆಯ ವರದಿ ತೆಗೆಯುವ ಗುಂಡಿ ಒತ್ತಿದಾಗ ಸಾಯುತ್ತದೆ. ಪರೀಕ್ಷೆಯ ಹಂತದಲ್ಲಿ ‘ಎಲ್‌ಡಿ_ಬೈಂಡ್_ನೌ=1’ ಹಾಕಿ ಓಡಿಸಿದರೆ ಎಲ್ಲವನ್ನೂ ಶುರುವಿನಲ್ಲೇ ಹುಡುಕಿಸಬಹುದು. ‘ಎಲ್‌ಡಿಡಿ -ಆರ್’ ಕೂಡ ಸಿಗದ ಸಿಂಬಲ್‌ಗಳನ್ನು ಪಟ್ಟಿ ಮಾಡುತ್ತದೆ. ಸಿ++ ಹೆಸರುಗಳು ಗೊಜ್ಜಾಗಿ ಕಂಡರೆ ‘ಸಿ++ಫಿಲ್ಟ್’ಗೆ ಕೊಡಿ.

ಸಿಂಬಲ್ ಇಲ್ಲದಿರುವುದಕ್ಕಿಂತ ಎರಡು ಕಡೆ ಇರುವುದು ಅಪಾಯ. ಲೋಡರ್ ಫಂಕ್ಷನನ್ನು ಲೈಬ್ರರಿಯ ಹೆಸರಿನಿಂದ ಹುಡುಕುವುದಿಲ್ಲ, ಫಂಕ್ಷನ್ ಹೆಸರಿನಿಂದ ಹುಡುಕುತ್ತದೆ, ಲೋಡ್ ಆದ ಸರದಿಯಲ್ಲಿ ಯಾರು ಮೊದಲು ಸಿಕ್ಕರೋ ಅವರದೇ. ಗಾಂಧಿ ಬಜಾರಿನಲ್ಲಿ ನಿಂತು “ಮಂಜು!” ಎಂದು ಕೂಗಿದರೆ ಮೊದಲು ತಿರುಗಿದವನೇ ಮಂಜು. ಅನಕೊಂಡಾ ಎಂಬ ಪೈಥಾನ್ ಪರಿಸರದ ಸಿ++ ಲೈಬ್ರರಿ ಮತ್ತು ಸಿಸ್ಟಮ್‌ನದು ಹೀಗೆ ಅದಲುಬದಲಾಗಿ, ‘ಜಿಲಿಬ್‌ಸಿಎಕ್ಸ್‌ಎಕ್ಸ್_3.4.30 ಸಿಗಲಿಲ್ಲ’ ಎಂಬ ದೂರು ಬರುವುದು ಆಗಾಗ ಕಾಣುವ ನೋಟ. ಆ ಅಂಕಿ ಜಿಸಿಸಿ 12ರದು, ಆದರೆ ಸರದಿಯಲ್ಲಿ ಮೊದಲು ಸಿಕ್ಕ ಲೈಬ್ರರಿ ಅದಕ್ಕಿಂತ ಹಳೆಯದು. ‘ಎಲ್‌ಡಿ_ಡೀಬಗ್=ಬೈಂಡಿಂಗ್ಸ್’ ಹಾಕಿದರೆ ಯಾರು ಯಾರಿಗೆ ಓಗೊಟ್ಟರು ಎಂಬುದು ಸಾಲಿಗೊಂದರಂತೆ ಕಾಣುತ್ತದೆ.

ಅನುಮತಿಯ ತಕರಾರು

ಚಿಕ್ಕದಾಗಿ ಹೇಳಿಬಿಡುತ್ತೇನೆ. ‘ಎಲ್ಫ್ ವರ್ಗ ತಪ್ಪು’ ಎಂದರೆ 32 ಮತ್ತು 64 ಬಿಟ್‌ಗಳ ಬೆರಕೆ. ‘ಶೇರ್ಡ್ ಆಬ್ಜೆಕ್ಟ್‌ನ ಭಾಗವನ್ನು ಮ್ಯಾಪ್ ಮಾಡಲಾಗಲಿಲ್ಲ’ ಎಂದರೆ ಲೈಬ್ರರಿ ಇರುವ ಡಿಸ್ಕ್ ಭಾಗ ‘ನೋ-ಎಕ್ಸೆಕ್’ (ಕೋಡ್ ಓಡಿಸುವ ಅನುಮತಿ ಇಲ್ಲದ) ಆಗಿ ಮೌಂಟ್ ಆಗಿದೆಯೇ ನೋಡಿ. ಭದ್ರತೆಯ ಹೆಸರಿನಲ್ಲಿ /ಟೆಂಪ್ ಅನ್ನು ಹಾಗೆ ಬಿಗಿ ಮಾಡಿದ ಕಡೆ, ಅಲ್ಲಿಗೆ ಲೈಬ್ರರಿ ಬಿಚ್ಚಿಕೊಂಡು ಓಡುವ ಜಾವಾ ಪ್ರೋಗ್ರಾಂಗಳು ಬೀಳುತ್ತವೆ. ತಾತ್ಕಾಲಿಕ ಫೋಲ್ಡರನ್ನು ಬೇರೆಡೆಗೆ ತೋರಿಸಿದರೆ ಮುಗಿಯಿತು.

ಓಡುತ್ತಿರುವಾಗ ಕಾಲಡಿಯ ನೆಲ ಬದಲಿಸಿದರೆ

ಸರಿಯಾಗಿ ಓಡುತ್ತಿದ್ದ ಸರ್ವಿಸ್ ಡಿಪ್ಲಾಯ್ ಮಾಡುವ ಹೊತ್ತಿಗೆ ಸೆಗ್‌ಫಾಲ್ಟ್ ಆದರೆ ಲೈಬ್ರರಿಯನ್ನು ಹೇಗೆ ಬದಲಿಸಿದಿರಿ ಎಂದು ಮೊದಲು ಕೇಳಬೇಕು. ಲೋಡರ್ ಲೈಬ್ರರಿಯನ್ನು ಪೂರ್ತಿ ಓದಿ ಇಟ್ಟುಕೊಳ್ಳುವುದಿಲ್ಲ, ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡುತ್ತದೆ. ಪುಟಗಳು ಬೇಕಾದ ಹಾಗೆ ಡಿಸ್ಕ್‌ನಿಂದ ಬರುತ್ತವೆ. ‘ಸಿಪಿ’ ಹಾಕಿ ಹಳೆಯದರ ಮೇಲೆಯೇ ಹೊಸದನ್ನು ಬರೆದರೆ ಐನೋಡ್ (ಡಿಸ್ಕ್‌ನಲ್ಲಿ ಫೈಲಿನ ಗುರುತು) ಅದೇ ಉಳಿದು ಒಳಗಿನದು ಬದಲಾಗುತ್ತದೆ, ಓಡುತ್ತಿರುವ ಪ್ರೋಸೆಸ್ ಹಳೆಯ ವಿಳಾಸಕ್ಕೆ ಜಿಗಿದು ಹೊಸ ಕೋಡಿನ ನಡುವೆ ಬೀಳುತ್ತದೆ. ಓಡುತ್ತಿರುವ ಪ್ರೋಗ್ರಾಂ ಫೈಲಿನ ಮೇಲೆ ಬರೆಯಹೋದರೆ ಕರ್ನಲ್ ‘ಫೈಲ್ ಬಳಕೆಯಲ್ಲಿದೆ’ ಎಂದು ತಡೆಯುತ್ತದೆ, ಲೈಬ್ರರಿಗಳಿಗೆ ಆ ರಕ್ಷಣೆ ಇಲ್ಲ. ಹೊಸದನ್ನು ಬೇರೆ ಹೆಸರಿನಲ್ಲಿ ಅದೇ ಫೋಲ್ಡರಿಗೆ ಹಾಕಿ, ‘ಎಂವಿ’ಯಿಂದ ಹೆಸರು ಬದಲಿಸಿ. ಪ್ಯಾಕೇಜ್ ಮ್ಯಾನೇಜರ್‌ಗಳು ಮಾಡುವುದೂ ಹೀಗೆಯೇ.

ಹಾಗೆ ಬದಲಿಸಿದಾಗ ಕ್ರ್ಯಾಶ್ ಆಗುವುದಿಲ್ಲ, ಆದರೆ ಇನ್ನೊಂದು ಸಂಗತಿ ಉಳಿಯುತ್ತದೆ. ಓಡುತ್ತಿರುವ ಪ್ರೋಸೆಸ್ ಅಳಿಸಿಹೋದ ಹಳೆಯ ಫೈಲನ್ನೇ ಹಿಡಿದುಕೊಂಡಿರುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ಭದ್ರತಾ ತೇಪೆ ಹಾಕಿಸಿ ನಿಶ್ಚಿಂತೆಯಾಗಿದ್ದರೂ ವೆಬ್ ಸರ್ವರ್ ಹಳೆಯ ತೂತಿನ ಜೊತೆಗೇ ಓಡುತ್ತಿರಬಹುದು. /ಪ್ರಾಕ್ ಕೆಳಗೆ ಆ ಪ್ರೋಸೆಸ್‌ನ ‘ಮ್ಯಾಪ್ಸ್’ ಫೈಲ್ ತೆರೆದು ನೋಡಿ, ಲೈಬ್ರರಿಯ ಹೆಸರಾದ ಮೇಲೆ ‘ಡಿಲೀಟೆಡ್’ ಎಂದಿದ್ದರೆ ಹಳೆಯದೇ. ಡೆಬಿಯನ್, ಉಬುಂಟುಗಳಲ್ಲಿ ‘ನೀಡ್‌ರೀಸ್ಟಾರ್ಟ್’ ಎಂಬ ಸಾಧನ ಇದನ್ನೆಲ್ಲ ತಾನೇ ಹುಡುಕಿ ಯಾವ ಸರ್ವಿಸ್ ಮತ್ತೆ ಶುರು ಮಾಡಬೇಕೆಂದು ಹೇಳುತ್ತದೆ. ಕಂಟೇನರ್‌ಗಳನ್ನು ಮಾತ್ರ ಅದರ ಮೇಲೆ ಬಿಡಬೇಡಿ. ಅವುಗಳೊಳಗಿನ ಲೈಬ್ರರಿ ಹೊರಗಿನ ಅಪ್‌ಡೇಟಿನಿಂದ ಬದಲಾಗುವುದಿಲ್ಲ, ಇಮೇಜನ್ನೇ ಮತ್ತೆ ಕಟ್ಟಿ ಹೊಸದಾಗಿ ಓಡಿಸಬೇಕು.